ಮೋಳಿಗೆಯ ಹೊರೆ ಮತ್ತು ಬಿದ್ದ ಮರ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವು ಶರಣರ ಹೆಸರಿನೊಡನೆಯೇ ಬೆಸೆದುಕೊಂಡಿತು. ಅಂಥ ಹೆಸರುಗಳಲ್ಲಿ ಮೋಳಿಗೆಯ ಮಾರಯ್ಯನವರದು ಒಂದು. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದ ಅವರು, ಕಾಡಿನಿಂದ ಕಟ್ಟಿಗೆ ಹೊತ್ತು ತಂದು ಮಾರಿ, ಬಂದುದರಲ್ಲಿಯೇ ಜಂಗಮದಾಸೋಹ ನಡೆಸಿದರೆಂದು ಪರಂಪರೆ ಹೇಳುತ್ತದೆ. ಸಿಂಹಾಸನವನ್ನು ಬಿಟ್ಟ ತಲೆ ಸೌದೆಯ ಹೊರೆಗೆ ನಾಚಲಿಲ್ಲ ಎಂಬುದನ್ನು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಇಂದು ತಲೆಯ ಮೇಲೆ ಹೊರೆ ಹೊತ್ತು ಬರುವ ತಾಯಿಯನ್ನು ಕಂಡಾಗ ನಮ್ಮಲ್ಲಿ ಅದೇ ಗೌರವ ಮೂಡುತ್ತದೆಯೇ? ಅವಳನ್ನು ಕಾಡುಗಳ್ಳಿಯೆಂದು ಶಂಕಿಸುವವರೇ ಹೆಚ್ಚು.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯನ್ನೇ ನೋಡೋಣ. ಕಾಲಭೈರವೇಶ್ವರನ ಸನ್ನಿಧಿಯಾದ ಈ ಬೆಟ್ಟ ನಾಥ ಪರಂಪರೆಯ ಪುಣ್ಯಕ್ಷೇತ್ರ. 1981ರಲ್ಲಿ ಇಲ್ಲಿ ನವಿಲುಧಾಮ ಘೋಷಣೆಯಾಯಿತು. ಅದರ ವಿಸ್ತಾರ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಸುತ್ತಲಿನ ಬಯಲುಸೀಮೆಯ ಹಳ್ಳಿಗಳಲ್ಲಿ ಗ್ಯಾಸ್ ಒಲೆ ಬಂದ ಮೇಲೂ ಸ್ನಾನದ ಹಂಡೆಗೆ, ಹಬ್ಬದ ಅಡುಗೆಗೆ ಸೌದೆ ಬೇಕೇ ಬೇಕು. ಗಾಳಿಮಳೆಗೆ ಕೊಂಬೆ ಮುರಿದು ಬಿದ್ದಾಗ, ರಸ್ತೆ ಅಗಲಿಸಲು ಮರ ಉರುಳಿಸಿದಾಗ, ಜನರ ಕಣ್ಣು ಅತ್ತ ಹೊರಳುವುದು ಸಹಜ. ಹಾಗಾದರೆ ಬಿದ್ದ ಮರ ಯಾರದು?

ಕಾನೂನಿನ ಉತ್ತರ ಒಂದೇ ತೆರನಾಗಿಲ್ಲ. ಸರ್ಕಾರಿ ರಸ್ತೆಬದಿಯ ಮರ ಉರುಳಿದ ಮೇಲೂ ಸರ್ಕಾರದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದ ಉತ್ಪನ್ನವನ್ನು ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಅನುಮತಿಯಿಂದ ತೆಗೆದದ್ದನ್ನೂ ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಬಳಸಬಹುದೇ ಹೊರತು ವ್ಯಾಪಾರಕ್ಕಲ್ಲ. 2000ದ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭಯಾರಣ್ಯಗಳಿಂದ ಸತ್ತ ಮರ, ಗಾಳಿಗೆ ಬಿದ್ದ ಮರಗಳನ್ನು ಸಹ ತೆಗೆಯಬಾರದೆಂದು ಆದೇಶಿಸಿತು. ಬಳಿಕ ಬಂದ 2006ರ ಅರಣ್ಯ ಹಕ್ಕು ಕಾಯ್ದೆಯು, ಕಾಡನ್ನೇ ನಂಬಿ ಬದುಕುವವರಿಗೆ ಪುಳ್ಳೆ, ಬೊಡ್ಡೆಗಳ ಮೇಲೂ ಹಕ್ಕನ್ನು ಮನ್ನಿಸಿತು. ಅದರ 2007ರ ನಿಯಮಗಳು ಕಿರು ಉತ್ಪನ್ನವನ್ನು ತಲೆಹೊರೆ, ಸೈಕಲ್ ಮತ್ತು ಕೈಗಾಡಿಗಳಲ್ಲಿ ಸಾಗಿಸಿ, ಜೀವನೋಪಾಯಕ್ಕೆ ಮಾರಬಹುದೆಂದವು. 2012ರಲ್ಲಿ ಈ ಮಾತು ತಿದ್ದುಪಡಿಯಾಗಿ ಸೂಕ್ತ ಸಾಗಣೆ ಸಾಧನಗಳೆಂದು ವಿಶಾಲವಾಯಿತು. ಆದರೂ ಮೊದಲ ಬರಹದಲ್ಲಿದ್ದ ತಲೆಹೊರೆ ಎಂಬ ಪದ ಚಿಂತನಾರ್ಹವಾದುದು. ಮೋಳಿಗೆಯ ಮಾರಯ್ಯನವರ ಕಾಯಕದ ಅಳತೆಯೂ ಅದೇ ಅಲ್ಲವೇ?

ಒಬ್ಬ ಮನುಷ್ಯನ ತಲೆ ಹೊರಬಲ್ಲಷ್ಟು ಎಂಬುದು ನಿಸರ್ಗವೇ ಹಾಕಿಕೊಟ್ಟ ಮಿತಿ. 1970ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡವು ನಮ್ಮ ನೆರೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಯ ಇಂಧನವನ್ನು ಅಳೆದು ನೋಡಿತು. ಅಲ್ಲಿ ಒಲೆಗೆ ಹೋಗುತ್ತಿದ್ದ ಸೌದೆಯಲ್ಲಿ ಬಹುಪಾಲು ಕೊಂಡದ್ದಲ್ಲ, ಆಯ್ದು ತಂದದ್ದು. ಮರ ಕಡಿದ ದಿಮ್ಮಿಯಲ್ಲ, ಒಣ ಕಡ್ಡಿ ಪುಳ್ಳೆ. ಕಾಡು ಬರಿದಾಗುವುದಕ್ಕೆ ಬಡವರ ಒಲೆಯೇ ಕಾರಣವೆಂಬ ಮಾತನ್ನು ಈ ಅಧ್ಯಯನ ಅಲುಗಾಡಿಸಿತು. ಆ ಕಡ್ಡಿಗಳ ಹಿಂದೆ ಹೆಂಗಸರು ಮಕ್ಕಳು ಸವೆಸುತ್ತಿದ್ದ ಹಾದಿಯನ್ನೂ ಲೆಕ್ಕಕ್ಕೆ ತಂದಿತು. ಕಡಿಮೆ ಸೌದೆಯಲ್ಲಿ ಉರಿಯುವ 'ಅಸ್ತ್ರ ಒಲೆ' ಅದೇ ತಂಡದ ಕೊಡುಗೆ.

ಆದ್ದರಿಂದ ಹೊರೆ ಹೊತ್ತವಳನ್ನೂ ಟ್ರ್ಯಾಕ್ಟರಿನಲ್ಲಿ ತುಂಬಿ ಒಯ್ಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಬಿದ್ದ ಮರವೆಂಬ ನೆಪದಲ್ಲಿ ಗರಗಸ ತಂದು, ಪಕ್ಕದ ಹಸಿ ಮರವನ್ನೂ ಉರುಳಿಸಿ, ಇರುಳಿನಲ್ಲಿ ಸಾಗಿಸುವುದು ಕಾಯಕವಲ್ಲ, ಕಳವು. ಬಿಟ್ಟಿಯಾಗಿ ಸಿಕ್ಕಿತೆಂದು ಹಿತ್ತಿಲ ತುಂಬ ಒಟ್ಟಿ, ಗೆದ್ದಲಿಗೆ ಬಿಡುವುದೂ ಶರಣರು ಒಪ್ಪದ ಸಂಗ್ರಹವೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದರು. ಅದು ಕದ್ದ ಅಕ್ಕಿಯಲ್ಲ, ನೆಲಕ್ಕೆ ಬಿದ್ದ ಅಕ್ಕಿ. ಆದರೂ ಬಿದ್ದುದೆಲ್ಲವೂ ತಮ್ಮದೆಂದು ಆ ತಾಯಿ ಭಾವಿಸಲಿಲ್ಲ. ಸೌದೆಯ ವಿಷಯದಲ್ಲಿ ನಮಗೆ ಇದಕ್ಕಿಂತ ಸ್ಪಷ್ಟವಾದ ಮಾರ್ಗದರ್ಶನ ಬೇಕಿಲ್ಲ.

ಬಿದ್ದ ಮರಕ್ಕೆ ಮನುಷ್ಯನಲ್ಲದೆ ಬೇರೆ ಹಕ್ಕುದಾರರೂ ಉಂಟು. ಕೊಳೆಯುವ ಕೊಂಬೆಯಲ್ಲಿ ಹುಳುಹುಪ್ಪಟೆ, ಗೆದ್ದಲು ನೆಲೆಸುತ್ತವೆ. ನವಿಲು ಅವನ್ನು ಕೆದಕಿ ತಿನ್ನುತ್ತದೆ. ಉಳಿದುದು ಮಣ್ಣಾಗಿ ಮುಂದಿನ ಸಸಿಯನ್ನು ಪೊರೆಯುತ್ತದೆ. ಚುಂಚನಗಿರಿಯಷ್ಟು ಚಿಕ್ಕ ಧಾಮದಲ್ಲಿ ನೂರು ಮನೆಯವರು ನಿತ್ಯ ಒಂದೊಂದೇ ಹೊರೆ ಎತ್ತಿದರೂ ಬೆಟ್ಟ ಬರಿದಾದೀತು. ಅಲ್ಲಿ ತಲೆಹೊರೆಯ ಮಿತಿಯೂ ಸಾಲದು. ನವಿಲಿನ ಪಾಲನ್ನು ನವಿಲಿಗೇ ಬಿಡುವುದು ಧರ್ಮ.

ಹಾಗೆಂದು ಬಡವರ ಒಲೆಯನ್ನು ಆರಿಸಬೇಕೆಂದಲ್ಲ. ನಮ್ಮ ಹೊಲತೋಟಗಳಲ್ಲಿ ತೆಂಗಿನ ಗರಿ, ಮಟ್ಟೆ, ಹಿಪ್ಪುನೇರಳೆ ಕಡ್ಡಿ ಹೇರಳವಾಗಿವೆ. ತೋಟವುಳ್ಳ ಭಕ್ತರು ಅವನ್ನು ಅಲ್ಲಿಯೇ ಸುಡುವ ಬದಲು ನೆರೆಯ ಮನೆಗೆ ಕೊಡಲಿ, ಅದೂ ದಾಸೋಹವೇ. ರಸ್ತೆಗಾಗಿ ಮರ ಉರುಳಿದಲ್ಲಿ ದಿಮ್ಮಿಯ ಹರಾಜು ನಡೆಯಲಿ, ಆದರೆ ಕಡ್ಡಿ ಕೊಂಬೆಗಳನ್ನು ಆಯಾ ಊರಿನ ಬಡವರಿಗೆ ಅಧಿಕೃತವಾಗಿಯೇ ಬಿಟ್ಟುಕೊಡಲೆಂದು ಗ್ರಾಮ ಪಂಚಾಯಿತಿಗಳು ಅರಣ್ಯ ಇಲಾಖೆಯನ್ನು ಕೇಳಲಿ. ಜಾತ್ರೆ, ಮದುವೆ, ದಾಸೋಹಗಳಿಗೆ ಸೌದೆ ತರಿಸುವವರು ಅದು ಎಲ್ಲಿಂದ ಬಂತೆಂದು ವಿಚಾರಿಸಿ, ರೈತನು ತನ್ನ ಹೊಲದಲ್ಲಿ ಬೆಳೆದುದನ್ನು ಬೆಲೆ ಕೊಟ್ಟು ಕೊಳ್ಳಲಿ. ಪ್ರಸಾದ ಬೇಯಿಸುವ ಬೆಂಕಿಯೂ ಶುದ್ಧವಾಗಿರಬೇಕಲ್ಲವೇ?

ಮಾರಯ್ಯನವರ ಅಂಕಿತ 'ನಿಃಕಳಂಕ ಮಲ್ಲಿಕಾರ್ಜುನ'. ಕಳಂಕವಿಲ್ಲದ ದೇವನಿಗೆ ಕಳಂಕವಿಲ್ಲದ ಸೌದೆಯಿಂದಲೇ ಎಡೆ ಸಿದ್ಧವಾಗಲಿ. ಹೊರೆ ಹೊತ್ತು ಎದುರಾದ ತಾಯಿಗೆ ದಾರಿ ಬಿಟ್ಟು ನಿಲ್ಲುವ ಸೌಜನ್ಯ ನಮ್ಮೆಲ್ಲರಿಗೂ ಬರಲಿ.