ಕೋಡಿ ಬಿದ್ದ ಕೆರೆ, ಹರಿಗೋಲಿನ ಯಾನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಯಾರ ಕಣ್ಣಮುಂದೆಯೂ ನಿಲ್ಲುವುದು ತೆಂಗಿನ ತೋಟ ಮತ್ತು ಕೊಬ್ಬರಿಯ ಮಂಡಿ. ದೋಣಿಯ ನೆನಪಾಗುವವರು ವಿರಳ. ಅದು ಸಹಜವೇ ಸರಿ. ವರ್ಷಕ್ಕೆ 650 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ವರ್ಷವಿಡೀ ತುಂಬಿ ಹರಿಯುವ ನದಿಯೊಂದೂ ಇಲ್ಲದ ಸೀಮೆಯಲ್ಲಿ ದೋಣಿಗೇನು ಕೆಲಸ? ಆದರೆ ಉತ್ತರೆ, ಹಸ್ತಗಳು ಒಂದರ ಬೆನ್ನಿಗೊಂದು ಸುರಿದು, ಚಿತ್ತೆಯೂ ಕೈಬಿಡದೆ ಹೊಯ್ದ ವರ್ಷ, ಈ ಬಯಲಿನ ನಡುವೆ ನೀರಿನ ಹಾದಿಯೊಂದು ಇದ್ದಕ್ಕಿದ್ದಂತೆ ಮೂಡುತ್ತದೆ. 2022ರ ಮಳೆಗಾಲ ಅಂಥದಾಗಿತ್ತು. ಆ ವರ್ಷ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ತುಂಬಿ ಕೋಡಿ ಬಿದ್ದವು. ಬಹುಕಾಲದಿಂದ ಒಣಗಿದ್ದ ಹಳ್ಳಗಳು ಕೆಂಪು ನೀರು ಹೊತ್ತು ಓಡಿದವು.

ಹಿಮ ಬೀಳುವ ದೇಶಗಳಲ್ಲಿ ಇಂಥ ನೀರು ಬರುವುದು ವಸಂತದಲ್ಲಿ. ಚಳಿಗಾಲದ ಹಿಮ ಕರಗಿ ಊರೊಳಗಿನ ತೊರೆಗಳು ಉಕ್ಕಿದಾಗ, ಅಲ್ಲಿನ ಉತ್ಸಾಹಿಗಳು ಕಿರುದೋಣಿಗಳನ್ನು ಹೆಗಲ ಮೇಲೆ ಹೊತ್ತು ತಂದು, ಸೇತುವೆಗಳ ಕೆಳಗೆ, ಹಿತ್ತಿಲುಗಳ ಮಗ್ಗುಲಲ್ಲಿ ತೇಲಿಹೋಗುತ್ತಾರೆ. ತೆಂಗಿನ ಸೀಮೆಯಲ್ಲಿ ವಸಂತವೆಂದರೆ ಬಾವಿ ಬತ್ತುವ ಕಾಲ. ಇಲ್ಲಿಯ ಜಲವಿಹಾರಕ್ಕೆ ಋತು ಶರತ್ತು, ಸ್ಥಳ ಕೆರೆ.

ಆ ಕೆರೆಯೂ ಒಂಟಿಯಲ್ಲ. ಮೇಲಿನ ಕೆರೆ ತುಂಬಿದರೆ ಅದರ ಕೋಡಿಯ ನೀರು ಹಳ್ಳವಾಗಿ ಇಳಿದು ಕೆಳಗಿನ ಕೆರೆಯನ್ನು ಸೇರುತ್ತದೆ. ಅದು ತುಂಬಿದರೆ ಮತ್ತೊಂದನ್ನು. ಏರಿ, ತೂಬು, ಕೋಡಿ ಎಂಬ ಮೂರೇ ಅಂಗಗಳಿಂದ ಹಿರಿಯರು ಇಡೀ ನಾಡನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಬಿಟ್ಟಿದ್ದಾರೆ. ಈ ಮೆಟ್ಟಿಲುಗಳು ಎರಡು ದಿಕ್ಕಿಗೆ ಇಳಿಯುವುದೂ ಒಂದು ಸ್ವಾರಸ್ಯ. ತುರುವೇಕೆರೆ ಕಡೆಯ ಹಳ್ಳಗಳ ನೀರು ಶಿಂಷೆಯ ಮೂಲಕ ಕಾವೇರಿಗೆ ಸಲ್ಲುತ್ತದೆ. ಚಿಕ್ಕನಾಯಕನಹಳ್ಳಿಯ ಬಡಗಣ ಭಾಗದ ನೀರಾದರೋ ಬೋರನಕಣಿವೆಯ ಜಲಾಶಯವನ್ನು ಹಾದು, ಸುವರ್ಣಮುಖಿಯಾಗಿ ವೇದಾವತಿಯನ್ನು ಕೂಡಿ, ತುಂಗಭದ್ರೆಯ ದಾರಿ ಹಿಡಿದು ಕೃಷ್ಣೆಯ ಪಾಲಾಗುತ್ತದೆ. ಒಂದೇ ಮೋಡದಿಂದ ಸುರಿದ ಹನಿಗಳು ತೋಟವೊಂದರ ಬದುವಿನ ಈಚೆಗೆ ಬಿದ್ದವೋ ಆಚೆಗೆ ಬಿದ್ದವೋ ಎಂಬುದರ ಮೇಲೆ ಅವುಗಳ ಗತಿ ನಿರ್ಧಾರವಾಗುತ್ತದೆ.

ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿದು, ಅದರ ನಾಲೆ ಈ ಕಡೆಗೆ ಬಂದ ಮೇಲೆ ಮುಗಿಲನ್ನೇ ನೆಚ್ಚಿದ್ದ ಕೆಲವು ಕೆರೆಗಳಿಗೆ ಮತ್ತೊಂದು ಆಸರೆಯಾಯಿತು. ತುರುವೇಕೆರೆಯ ಸಮೀಪದ ಮಲ್ಲಾಘಟ್ಟದ ದೊಡ್ಡ ಕೆರೆ ಕೋಡಿ ಬಿತ್ತೆಂದರೆ ಸುತ್ತಣ ಊರುಗಳಿಂದ ಜನ ನೋಡಲು ಬರುತ್ತಾರೆ. ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಅಂಥ ಗುಂಪಿನಲ್ಲಿ ನೀರಿಗಿಳಿಯಬೇಕೆಂಬ ಆಸೆ ಹುಡುಗರಿಗೆ ಹುಟ್ಟುವುದೇನೂ ಆಶ್ಚರ್ಯವಲ್ಲ. ಇಳಿಯುವುದಾದರೆ ಯಾವುದರಲ್ಲಿ ಇಳಿಯಬೇಕು, ಎಲ್ಲಿ ಇಳಿಯಬೇಕು ಎಂಬುದೇ ಪ್ರಶ್ನೆ.

ಯಾವುದರಲ್ಲಿ ಎಂಬುದಕ್ಕೆ ಕನ್ನಡನಾಡಿನ ಉತ್ತರ ಬಹು ಹಳೆಯದು: ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುತ್ತಿದ್ದುವಂತೆ. ಅವು ನೆಟ್ಟಗೆ ಸಾಗದೆ ಸದಾ ಗಿರಗಿರನೆ ತಿರುಗುತ್ತವೆ ಎಂಬುದನ್ನು ಸೇರಿಸಲು ಅವನು ಮರೆತಿಲ್ಲ. ಬಹುಶಃ ಅವನಿಗೂ ತಲೆ ಸುತ್ತಿರಬೇಕು! ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕರ ಹೆರೊಡೋಟಸನು ಬಾಬಿಲೋನಿನ ನದಿಯಲ್ಲಿ ಇದೇ ಬಗೆಯ ತೊಗಲಿನ ದೋಣಿಗಳನ್ನು ವರ್ಣಿಸಿದ್ದಾನೆ. ಅಲ್ಲಿಯ ವರ್ತಕರು ಪ್ರವಾಹದೊಡನೆ ಸರಕು ತೇಲಿಸಿಕೊಂಡು ಬಂದು, ಊರು ಮುಟ್ಟಿದ ಮೇಲೆ ಸರಕನ್ನೂ ದೋಣಿಯ ಕಟ್ಟನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿ ನೆಲದ ಮೇಲೆ ಹಿಂದಿರುಗುತ್ತಿದ್ದರಂತೆ. ಆ ಕತ್ತೆಯೂ ದೋಣಿಯಲ್ಲಿಯೇ ಬಂದಿರುತ್ತಿತ್ತು.

ಇಂದು ಕೆರೆಗಳಲ್ಲಿ ಮೀನು ಹಿಡಿಯುವವರ ಹರಿಗೋಲು ಒಂದಾಳುದ್ದದಷ್ಟು ಅಗಲದ್ದು. ಬಿದಿರಿನ ಸೀಳುಗಳನ್ನು ಹೆಣೆದು, ತೊಗಲಿನ ಬದಲು ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಡಾಂಬರು ಬಳಿದ ಗೋಣಿಯನ್ನೋ ಹೊದಿಸಿರುತ್ತಾರೆ. ಅಚ್ಚು ಹಾಕಿದ ಫೈಬರಿನ ಹರಿಗೋಲುಗಳೂ ಬಂದಿವೆ. ಗೇಣುದ್ದ ನೀರಿದ್ದರೂ ಸಾಕು, ಅದು ತೇಲುತ್ತದೆ. ಒಬ್ಬನೇ ತಲೆಯ ಮೇಲೆ ಬೋರಲು ಹಾಕಿಕೊಂಡು ಏರಿಯನ್ನು ದಾಟಿಸಬಹುದು. ಆದರೆ ಅದಕ್ಕೆ ಮುಂಭಾಗ, ಹಿಂಭಾಗ ಎಂಬ ಭೇದವಿಲ್ಲದಿರುವುದರಿಂದ, ಹುಟ್ಟನ್ನು ಪಕ್ಕದಲ್ಲಿ ಹಾಕಿದ ಹೊಸಬ ಇದ್ದಲ್ಲಿಯೇ ಬುಗುರಿಯಾಗುತ್ತಾನೆ. ಬಲ್ಲವನು ತಾನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ಅತ್ತ ಇತ್ತ ಸೀಳುತ್ತ ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ಜೊತೆಗಿರುವವರು ಒಬ್ಬರಿಗೊಬ್ಬರು ಎದುರಾಗಿ, ತೂಕ ಸಮನಾಗುವಂತೆ, ತಳಕ್ಕೆ ಅಂಟಿ ಕೂರಬೇಕು. ಕೊಕ್ಕರೆ ಕಂಡಿತೆಂದು ಎಲ್ಲರೂ ಒಂದೇ ಕಡೆಗೆ ವಾಲಿದರೆ ಕೊಕ್ಕರೆ ಹಾರುತ್ತದೆ, ಹರಿಗೋಲು ಮಗುಚುತ್ತದೆ.

ಇನ್ನು ಎಲ್ಲಿ ಎಂಬ ಪ್ರಶ್ನೆ. ನೋಟಕ್ಕೆ ಎಲ್ಲಕ್ಕಿಂತ ಮೋಹಕವಾದ ಜಾಗ ಕೋಡಿಯೇ. ಕಲ್ಲುಕಟ್ಟೆಯ ಮೇಲಿಂದ ನೀರು ಗಾಜಿನ ಹಾಳೆಯಂತೆ ಜಾರುತ್ತದೆ. ಎತ್ತರವೂ ಆಳೆತ್ತರಕ್ಕಿಂತ ಕಡಿಮೆ. ‘ಇಷ್ಟೇ ತಾನೆ’ ಎನ್ನಿಸುತ್ತದೆ. ಅಲ್ಲಿಯೇ ಮೃತ್ಯು ಕುಳಿತಿರುವುದು. ಬಿದ್ದ ನೀರು ಕಟ್ಟೆಯ ಬುಡದಲ್ಲಿ ತಳಕ್ಕೆ ಇಳಿದು, ಸ್ವಲ್ಪ ಮುಂದೆ ಮೇಲೆದ್ದು, ಮೇಲ್ಭಾಗದಲ್ಲಿ ಮತ್ತೆ ಕಟ್ಟೆಯ ಕಡೆಗೇ ಹಿಂದಿರುಗುತ್ತದೆ. ಆ ಉರುಳಿಗೆ ಸಿಕ್ಕ ತೆಂಗಿನಕಾಯಿ ಗಂಟೆಗಟ್ಟಲೆ ಒಂದೇ ಕಡೆ ಮುಳುಗೇಳುತ್ತಿರುವುದನ್ನು ಯಾರು ಬೇಕಾದರೂ ನಿಂತು ನೋಡಬಹುದು. ಸಿಪ್ಪೆಯ ನಾರಿನಲ್ಲಿ ಗಾಳಿ ತುಂಬಿರುವ, ಸಮುದ್ರವನ್ನೇ ದಾಟಬಲ್ಲ ಕಾಯಿಗೆ ಅಲ್ಲಿಂದ ಬಿಡುಗಡೆಯಿಲ್ಲವೆಂದರೆ, ಮನುಷ್ಯನಿಗೆ ಹೇಗೆ ಬಂದೀತು? ನೀರಿನ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಮೊಣಕಾಲುದ್ದದ ನೀರೂ ಗಟ್ಟಿ ಆಳನ್ನು ಕೆಡವಬಲ್ಲದು.

ಮಾರ್ಕೋನಹಳ್ಳಿಯ ಜಲಾಶಯದ ಮಾತು ಇಲ್ಲಿ ಹೇಳಲೇಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆಗೆ ಸ್ವಯಂಚಾಲಿತ ಸೈಫನ್ನುಗಳಿವೆ. ನೀರು ಗೊತ್ತಾದ ಮಟ್ಟವನ್ನು ಮೀರಿತೆಂದರೆ ಬಾಗಿದ ಕೊಳವೆಯೊಳಗಿನ ಗಾಳಿಯನ್ನು ನೀರೇ ಹೊರಗೆಳೆದುಬಿಡುತ್ತದೆ. ಮರುಕ್ಷಣ ಕೊಳವೆ ತುಂಬ ನೀರು ಧುಮ್ಮಿಕ್ಕುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದಾಗ ತಾನಾಗಿಯೇ ನಿಲ್ಲುತ್ತದೆ. ಬಾಗಿಲೆತ್ತುವ ಆಳು ಬೇಕಾಗಿಲ್ಲ. ಶಿಲ್ಪಶಾಸ್ತ್ರದ ದೃಷ್ಟಿಯಿಂದ ಮೆಚ್ಚತಕ್ಕ ಯುಕ್ತಿ. ಆದರೆ ಆಳಿಲ್ಲದ ಕಡೆ ಎಚ್ಚರಿಕೆಯ ಕೂಗೂ ತಾನಾಗಿ ಏಳುವುದಿಲ್ಲ. 2025ರ ಅಕ್ಟೋಬರಿನಲ್ಲಿ ವಿಹಾರಕ್ಕೆಂದು ಬಂದು ಅಣೆಕಟ್ಟೆಯ ಕೆಳಗಿನ ನೀರಿಗಿಳಿದಿದ್ದ ಒಂದೇ ಬಳಗದ ಹಲವರು ಹೀಗೆ ಏಕಾಏಕಿ ಬಂದ ನೀರಿನಲ್ಲಿ ಕೊಚ್ಚಿಹೋದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ತಲೆಯ ಮೇಲೆ ಮೋಡವಿಲ್ಲದಿದ್ದರೂ ಮೇಲಿನ ಕೆರೆಗಳಲ್ಲಿ ಏನಾಗುತ್ತಿದೆ ಎಂದು ವಿಚಾರಿಸದೆ ಈ ಸೀಮೆಯ ಹಳ್ಳಕ್ಕೆ ಕಾಲಿಡುವಂತಿಲ್ಲ. ಹಿಂದೆ ಅದನ್ನು ಹೇಳಲು ಊರೂರಿಗೂ ನೀರಗಂಟಿ ಇರುತ್ತಿದ್ದ. ಈಗ ಮೇಲೂರಿನ ನೆಂಟರಿಗೆ ದೂರವಾಣಿ ಮಾಡಿ ಕೇಳುವುದು ಅಷ್ಟೇನೂ ಕಷ್ಟವಲ್ಲ.

ಹಳ್ಳವು ಪಟ್ಟಣದೊಳಗೆ ಹೊಕ್ಕ ಕಡೆಯ ಕಥೆಯೇ ಬೇರೆ. ಅಲ್ಲಿ ರಾಜಕಾಲುವೆಯ ಮೇಲೆ ಅಂಗಡಿ, ಮನೆ, ರಸ್ತೆ ಎದ್ದು, ಅದು ಕಣ್ಣಿಗೆ ಕಾಣದಂತಾಗಿರುತ್ತದೆ. ಮೇಲಿನ ಕೆರೆ ತುಂಬಿದ ದಿನ ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಮರೆತಿರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಸಿರಿವಂತರ ಬಡಾವಣೆಗಳಿಂದ ಜನರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರಗೆ ಸಾಗಿಸಬೇಕಾಯಿತು. ಅಂದು ದೋಣಿ ಎಲ್ಲೆಲ್ಲಿ ತೇಲಿತೋ ಅಲ್ಲೆಲ್ಲ ಒಂದು ಕಾಲುವೆಯೋ ಕೆರೆಯಂಗಳವೋ ಇದ್ದಿರಬೇಕೆಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಕಟ್ಟಡ ಕಟ್ಟುವ ಮೊದಲು ನಕ್ಷೆ ನೋಡದವರಿಗೆ ಮಳೆಯೇ ನಕ್ಷೆ ಬರೆದು ತೋರಿಸುತ್ತದೆ. ಅದನ್ನು ನೋಡುವ ಕುತೂಹಲದಿಂದ ಹರಿಗೋಲು ತೆಗೆದುಕೊಂಡು ಪೇಟೆಯ ನೀರಿಗೆ ಇಳಿಯುವುದು ಬೇಡ. ಮೋರಿಯ ಬಾಯಿ ನೀರನ್ನು ಒಳಗೆಳೆಯುತ್ತದೆ, ಮನುಷ್ಯನನ್ನು ಹೊರಗೆ ಬಿಡುವುದಿಲ್ಲ. ತಂತಿಬೇಲಿ ಜರಡಿಯಂತೆ ನೀರನ್ನು ಸೋಸಿ ಮೈಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಬರುವುದೂ ಇಂಥ ನೀರಿನಿಂದಲೇ. ನಾಲೆಯಂತೂ ಇನ್ನೂ ಕಪಟಿ: ಎರಡೂ ಕಡೆ ಪಾಚಿಗಟ್ಟಿದ ಕಾಂಕ್ರೀಟಿನ ಇಳಿಜಾರು, ಹಿಡಿದು ಹತ್ತಲು ಒಂದು ಗರಿಕೆಯೂ ಇಲ್ಲ.

ಹಾಗಾದರೆ ಉಳಿಯುವುದು ಏರಿಯ ಹಿಂದಿನ ನಿಂತ ನೀರು. ಅದೇನು ಕಡಿಮೆಯೆ? ಕೋಡಿಯಿಂದ ಬಹುದೂರ, ಕೆರೆಯ ಮೇಲ್ತುದಿಯಲ್ಲಿ, ನೀರು ತೆಳ್ಳಗೆ ಹರಡಿ ಜಾಲಿಯ ಮರಗಳ ನಡುವೆ ಹೊಕ್ಕಿರುತ್ತದೆ. ಬೇಸಿಗೆಯಲ್ಲಿ ದನ ಮೇಯುತ್ತಿದ್ದ ಜಾಗದಲ್ಲಿ ಹರಿಗೋಲು ಸದ್ದಿಲ್ಲದೆ ಸಾಗುತ್ತದೆ. ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲಿಗೆ ಕುಳಿತಿರುತ್ತವೆ. ದಡದ ತೆಂಗುಗಳು ತಲೆಕೆಳಗಾಗಿ ನೀರಿನೊಳಗೆ ನಿಂತಿರುತ್ತವೆ. ಈಜು ಬಲ್ಲ ಮೀನುಗಾರನೊಬ್ಬ ಹುಟ್ಟು ಹಿಡಿದಿರಬೇಕು. ತೇಲಂಗಿ ಇದ್ದರೆ ಉತ್ತಮ. ಇಲ್ಲದಿದ್ದರೆ ಹಗ್ಗದಿಂದ ಜೋಡಿಸಿ ಕಟ್ಟಿದ ಎರಡು ಒಣಗಿದ ಇಡೀ ತೆಂಗಿನಕಾಯಿಗಳಾದರೂ ಕೈಗೆಟಕುವಂತಿರಲಿ.

ಒಂದು ತೊಂದರೆ ಮಾತ್ರ ತಪ್ಪಿದ್ದಲ್ಲ. ನೀರಿನೊಳಗೆ ಮುಳುಗಿರುವ ಜಾಲಿಯ ಮುಳ್ಳು ಹರಿಗೋಲಿನ ಹಾಳೆಗೆ ನಾಟಿದರೆ ತಳದಲ್ಲಿ ನೀರು ಜಿನುಗತೊಡಗುತ್ತದೆ. ಅದಕ್ಕಾಗಿಯೇ ಬಲ್ಲ ಮೀನುಗಾರನ ಬುಟ್ಟಿಯಲ್ಲಿ ಒಂದು ಚಿಪ್ಪು ಇರುತ್ತದೆ, ನೀರನ್ನು ಮೊಗೆದು ಹೊರಗೆ ಚೆಲ್ಲಲು. ತೆಂಗಿನ ಚಿಪ್ಪೇ.