ಕೋಡ್ ಬರೆಯುವುದು ಇನ್ನೂ ಕಸುಬೇ?

ಜುಮಾ ಮುಗಿಸಿ ಊಟಕ್ಕೆ ಕೂತರೆ ಈಗ ನಮ್ಮ ರೂಮುಗಳಲ್ಲಿ ಇದೇ ಮಾತು: ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಮಾಡಿಸುವುದಾ, ಬೇಡವಾ? ಕೋಡನ್ನು ಎಐ ಬರೆಯುತ್ತದಂತಲ್ಲ!

ಸೀಟಿನ ಹಣ ನಮ್ಮ ಓವರ್‌ಟೈಮಿನದು. ಅದನ್ನೇ ನೋಡೋಣ. ಯುಎಇ ಕಾನೂನಿನಂತೆ ಓವರ್‌ಟೈಮಿಗೆ ಮೂಲ ವೇತನದ ಲೆಕ್ಕದಲ್ಲಿ ಕನಿಷ್ಠ ಶೇ. 25 ಹೆಚ್ಚು ಕೊಡಬೇಕು. ರಾತ್ರಿ 10ರಿಂದ ಬೆಳಗಿನ ಜಾವ 4ರ ಒಳಗಾದರೆ ಶೇ. 50. ಪಾಳಿಯಲ್ಲಿ ದುಡಿಯುವವರಿಗೆ ಈ ರಾತ್ರಿ ದರ ಇಲ್ಲ. ಇದಕ್ಕೊಂದು ಪ್ರೋಗ್ರಾಂ ಬರೆದುಕೊಡು ಅಂದರೆ ಎಐ ನಿಮಿಷದಲ್ಲಿ ಕೊಡುತ್ತದೆ. ಆದರೆ 9ರಿಂದ 11ರವರೆಗೆ ದುಡಿದವನ ಎರಡು ಗಂಟೆಯನ್ನು ಅದು 10ಕ್ಕೆ ಸರಿಯಾಗಿ ಬೇರೆ ಮಾಡಿದೆಯಾ, ಪಾಳಿಯವರನ್ನು ಗುರುತಿಸಿದೆಯಾ ಅಂತ ನೋಡುವವರು ಯಾರು? ತಪ್ಪಿದರೆ ಕಮ್ಮಿಯಾಗುವುದು ನಮ್ಮ ಸಂಬಳ. ಆ ತಪ್ಪು ಹಿಡಿಯುವವನೇ ಕಸುಬುದಾರ.

1959ರಲ್ಲಿ ಕೋಬಾಲ್ ಭಾಷೆ ರೂಪಿಸುವಾಗಲೂ ಇಂಗ್ಲಿಷ್ ವಾಕ್ಯದಂತಿದ್ದರೆ ಆಫೀಸಿನವರೇ ಓದಿ ಅರ್ಥ ಮಾಡಿಕೊಳ್ಳಬಹುದು ಅಂತ ಆಸೆಯಿತ್ತು. ಕೊನೆಗೆ ಅದಕ್ಕೂ ಪ್ರೋಗ್ರಾಮರುಗಳ ದೊಡ್ಡ ದಂಡೇ ಬೇಕಾಯಿತು.

ಹಾಗಂತ ಭಯ ಪೂರ್ತಿ ಸುಳ್ಳೂ ಅಲ್ಲ. ಹೇಳಿದ್ದನ್ನಷ್ಟೇ ಟೈಪ್ ಮಾಡಲು ಕಲಿತವರ ಕೆಲಸವನ್ನೇ ಎಐ ಮೊದಲು ಮಾಡುತ್ತಿರುವುದು. ಅಂಥ ಆರು ತಿಂಗಳ ಕೋರ್ಸಿಗೆ ಮನೆಯವರ ಚಿನ್ನ ಅಡವಿಡಬೇಡಿ ಅಂತಲೇ ನಾವು ಹೇಳುವುದು. ಲೆಕ್ಕ ಇಷ್ಟಪಡುವ, ತಪ್ಪು ಸಿಗುವವರೆಗೆ ಎದ್ದೇಳದ ಮಗನೋ ಮಗಳೋ ಇದ್ದರೆ ಧೈರ್ಯವಾಗಿ ಓದಿಸಿ. ಫೀಸು ಕಟ್ಟುವ ಮೊದಲು ಒಂದು ಸಣ್ಣ ಪ್ರೋಗ್ರಾಂ ಎಐ ಇಲ್ಲದೆ ಬರೆದು, ಅದು ಹೇಗೆ ನಡೆಯುತ್ತದೆ ಅಂತ ಉಮ್ಮನಿಗೆ ವಿವರಿಸಲು ಹೇಳಿ.