ಕೈ ಪಳಗಿದವರ ಕೋವಿ

ಕೋವಿ ಸಿಡಿದು ಅಪಘಾತವಾಗುವುದು ಅರಿಯದವರ ಕೈಯಲ್ಲಿ ಮಾತ್ರವೆಂದು ನಮ್ಮ ಬೆಳೆಗಾರರಲ್ಲಿ ಅನೇಕರು ತಿಳಿದಿದ್ದಾರೆ. 2004ರ ಏಪ್ರಿಲಿನಲ್ಲಿ ಅಮೆರಿಕದ ಒರ್ಲಾಂಡೋದಲ್ಲಿ ಮಾದಕವಸ್ತು ನಿಗ್ರಹ ಇಲಾಖೆಯ ಅಧಿಕಾರಿಯೊಬ್ಬರು ಮಕ್ಕಳ ಮುಂದೆ ಬಂದೂಕಿನ ಅಪಾಯವನ್ನೇ ವಿವರಿಸುತ್ತಿದ್ದರು. ಇದನ್ನು ಹಿಡಿಯಬಲ್ಲ ಪರಿಣತ ಈ ಕೋಣೆಯಲ್ಲಿ ತಾನೊಬ್ಬನೇ ಎಂದರು. ಮ್ಯಾಗಜಿನ್ ತೆಗೆದಿದ್ದರು, ಪಿಸ್ತೂಲು ಬರಿದಾಗಿದೆಯೆಂದು ಸಭಿಕರಿಗೂ ತೋರಿಸಿದ್ದರು; ಆದರೂ ಗುಂಡು ಹಾರಿ ಅವರ ತೊಡೆಯನ್ನೇ ಹೊಕ್ಕಿತು.

ನನ್ನ ಅಭಿಪ್ರಾಯದಲ್ಲಿ, ತೋಟ ಕಾಯುವವರಲ್ಲೂ ಹೆಚ್ಚು ಹೆದರಬೇಕಾದುದು ಕೈ ಪಳಗಿದವರ ಕೋವಿಗೇ. ಹೊಸಬ ಎರಡು ಬಾರಿ ನೋಡುತ್ತಾನೆ. ಹಳಬ (ಈ ಮಾತಿಗೆ ಹಿರಿಯರು ಮುನಿಯಬಾರದು) ಈಡು ತೆಗೆದ ನೆನಪನ್ನೇ ನಂಬುತ್ತಾನೆ. ಬೇಲಿ ದಾಟುವ ಮೊದಲೇ ತೋಟೆ ಹೊರತೆಗೆಯಿರಿ. ಮನೆಗೆ ಮರಳಿದಾಗ, ಜಗಲಿ ಹತ್ತುವ ಮುನ್ನ, ನಳಿಗೆಯನ್ನು ನೆಲದತ್ತ ಹಿಡಿದು, ಕೋವಿಯನ್ನು ಇನ್ನೊಮ್ಮೆ ಬಿಚ್ಚಿ ಬೆರಳಿಟ್ಟು ನೋಡಿರಿ.